ಆರ್ಕೆಸ್ಟ್ರಾ ಇಲ್ದೆ ಮದ್ವೆ ಮಾಡಿದ್ವಿ, ಒಬ್ರೂ ಎದ್ದು ಹೋಗ್ಲಿಲ್ಲ: ವಾಲಗ, ಭರಣಿ, ಮುಯ್ಯಿ ಲೆಕ್ಕ

ಹೋದ ಫೆಬ್ರವರೀಲಿ ಮದ್ದೂರಲ್ಲಿ ನಮ್ ಮದ್ವೆ ಆಯ್ತು. ಎಂಗೇಜ್‌ಮೆಂಟ್ ಆಗಿದ್ದು ಶ್ರಾವಣದಲ್ಲಿ, ಮಧ್ಯೆ ಸಿಕ್ಕಿದ್ದು ಆರು ತಿಂಗಳು. ಛತ್ರ, ಅಡುಗೆ, ಸೀರೆ ಎಲ್ಲಾ ದೊಡ್ಡವ್ರು ಹಂಚ್ಕೊಂಡ್ರು, ನಮ್ಗೆ ಅಂತ ಉಳಿದಿದ್ದು ಎರಡೇ, ಹಾಡು-ಗೀಡು ಮತ್ತೆ ಗಿಫ್ಟು. "ಚಿಕ್ಕ ಕೆಲಸ ಕಣವ್ವ, ನೀವಿಬ್ರು ನೋಡ್ಕಳಿ" ಅಂದ ದೊಡ್ಡಪ್ಪನೇ ಆಮೇಲೆ ಅತಿ ಹೆಚ್ಚು ಕಿರುಚಾಡಿದ್ದು. ಆರ್ಕೆಸ್ಟ್ರಾ ಬೇಡ, ಡಿಜೆ ಬೇಡ, ಬರೀ ವಾಲಗ ಮತ್ತೆ ರಿಸೆಪ್ಷನ್‌ಗೆ ನಾಲ್ಕು ಜನರ ಹಾಡಿನ ತಂಡ ಅಂತ ನಾವು ಹೇಳಿದ್ ದಿನ "ಜನ ಉಂಡು ಕೈ ತೊಳ್ಕಂಡು ಹತ್ ನಿಮಿಷಕ್ಕೆ ಬೈಕ್ ಹತ್ತುತಾರೆ ನೋಡ್ತಿರು" ಅಂದಿದ್ರು. ಹತ್ತಲಿಲ್ಲ. ಅದಕ್ಕೇ ಬರೀತಿರೋದು.

ದುಡ್ಡಿನ ಲೆಕ್ಕ ಮೊದಲು ಹೇಳ್ಬಿಡ್ತೀನಿ, ಬಾಯಲ್ಲಿ ಇರೋ ಲೆಕ್ಕ, ಸಾವಿರ ಆ ಕಡೆ ಈ ಕಡೆ ಆಗ್ಬೋದು. ಆರ್ಕೆಸ್ಟ್ರಾದವ್ರು ಕೇಳಿದ್ದು 85 ಸಾವಿರ, ಸ್ಟೇಜು ಲೈಟು ಬೇರೆ. ನಾವು ಖರ್ಚು ಮಾಡಿದ್ದು ವಾಲಗಕ್ಕೆ ಎರಡು ದಿನಕ್ಕೆ 32 ಸಾವಿರ, ಸಂಜೆ ಹಾಡೋ ಹುಡುಗ್ರಿಗೆ 22, ಸೌಂಡ್‌ಗೆ 15, ಎಲ್ಲಾ ಸೇರಿ 70ರ ಒಳಗೆ. ಮಿಕ್ಕಿದ್ದು ರಿಟರ್ನ್ ಗಿಫ್ಟಿಗೆ ಹೋಯ್ತು. ವಾಲಗಕ್ಕೆ 18 ಸಾವಿರಕ್ಕೂ ಬರ್ತೀವಿ ಅಂದೋರಿದ್ರು, ಆದ್ರೆ ಮೂರೇ ಜನ, ಒಂದೇ ನಾದಸ್ವರ, ಆ ಮನುಷ್ಯ ಊಟಕ್ಕೆ ಎದ್ರೆ ಡೋಲೊಂದೇ ಬಡೀತಾ ಕೂತಿರ್ಬೇಕು. ಐದು ಜನ ಇರ್ಲೇಬೇಕು, ಎರಡು ನಾದಸ್ವರ ಎರಡು ಡೋಲು, ಶ್ರುತಿ-ತಾಳಕ್ಕೆ ಒಬ್ರು. ಇದ್ರಲ್ಲಿ ಉಳಿಸಕ್ಕೆ ಹೋಗ್ಬೇಡಿ.

ವಾಲಗದ ಮೇಲೆ ಇಷ್ಟು ತಲೆ ಕೆಡಿಸ್ಕೊಂಡಿದ್ದಕ್ಕೆ ಕಾರಣ ನಮ್ ಎಂಗೇಜ್‌ಮೆಂಟೇ. ಅವತ್ತು ಸೌಂಡಿನ ಹುಡುಗ ನಾದಸ್ವರದ ಬಾಯಿಗೇ ಮೈಕ್ ಹಿಡಿದ. ಊರಾಚೆ ದೇವಸ್ಥಾನದ ಬೀದೀಲಿ ಕೇಳ್ಲಿ ಅಂತ ಇರೋ ವಾದ್ಯ ಅದು, ತಗಡಿನ ಛಾವಣಿ ಹಾಲ್‌ನಲ್ಲಿ ಮೈಕ್ ಕೊಟ್ರೆ ಏನಾಗುತ್ತೆ, ಅತ್ತೆ ಮಾವ ಇಬ್ರೂ ಕಿವಿ ಮುಚ್ಕೊಂಡೇ ಉಂಗುರ ಶಾಸ್ತ್ರ ನೋಡಿದ್ರು, ಫೋಟೋ ಇದೆ ಬೇಕಾದ್ರೆ. ಅದಕ್ಕಿಂತ ದೊಡ್ಡ ಎಡವಟ್ಟು ನಮ್ ಚಿಕ್ಕಪ್ಪನ ಮಗಳ ಮದ್ವೇಲಿ ಆಗಿತ್ತು. ತಾಳಿ ಕಟ್ಟೋ ಹೊತ್ತಿಗೆ ಪುರೋಹಿತ್ರು "ಗಟ್ಟಿಮೇಳ ಗಟ್ಟಿಮೇಳ" ಅಂತ ಕೂಗಿದ್ರು, ವಾಲಗದವ್ರು ಬಾರಿಸಿದ್ರು, ಅಕ್ಷತೆ ಬಿತ್ತು, ಆದ್ರೆ ಫೋಟೋದವ್ನು "ಸರ್ ಒಂದ್ ನಿಮಿಷ ಇನ್ನೊಂದ್ಸಲ" ಅಂದ. ಹುಡುಗ ತಾಳಿ ಹಿಡ್ಕೊಂಡು ಹಾಗೇ ನಿಂತ. ಗಟ್ಟಿಮೇಳ ನಿಂತ ಮೇಲೆ ಮೂರು ಗಂಟು ಬಿತ್ತು, ಆ ಗ್ಯಾಪಲ್ಲಿ ಯಾರೋ ಜೋರಾಗಿ ಸೀನಿದ್ರು. ಗಟ್ಟಿಮೇಳ ಇರೋದೇ ಅಂಥ ಶಬ್ದ ಕಿವಿಗೆ ಬೀಳ್ದೇ ಇರ್ಲಿ ಅಂತ. ನಮ್ಮಜ್ಜಿ ಇವತ್ತಿಗೂ ಆ ಸೀನಿನ ವಿಷ್ಯ ಎತ್ತುತಾರೆ.

ಅದಕ್ಕೆ ನಾವು ಮಾಡಿದ್ದೇನು ಅಂದ್ರೆ, ವಾಲಗದ ಯಜಮಾನ್ರ ಮನೆಗೇ ಹೋದ್ವಿ, ಮಂಡ್ಯದ ಹತ್ರ. ಫೋನಲ್ಲಿ ಬುಕ್ ಮಾಡಿ ಅಡ್ವಾನ್ಸ್ ಕಳಿಸೋದಲ್ಲ. ಒಂದು ಹಾಳೆ ತಗೊಂಡು ಚಪ್ಪರದ ದಿನದಿಂದ ಧಾರೆವರೆಗೆ ಶಾಸ್ತ್ರಗಳನ್ನ ಎಡಗಡೆ ಬರ್ಕೊಂಡು ಹೋಗಿದ್ವಿ, ಬಲಗಡೆ ಖಾಲಿ. ಅವ್ರು ಮೊದಲು ನಕ್ಕರು, "ನಮ್ಗೇ ಪಟ್ಟಿ ಕೊಡಕ್ ಬಂದ್ರಾ ತಾಯಿ" ಅಂದ್ರು. ಇಲ್ಲ ನೀವೇ ಹೇಳಿ ನಾವು ಬರ್ಕೊತೀವಿ ಅಂದ್ಮೇಲೆ ಮೂರು ಗಂಟೆ ಕೂತ್ರು, ಕಾಫಿ ಎರಡು ಸಲ ಬಂತು. ಶುರುಗೆ ಹಂಸಧ್ವನಿ ರಾಗ, ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋವಾಗ ಆನಂದಭೈರವಿ, ಧಾರೆ ಹೊತ್ತಿಗೆ ಕುರಂಜಿ, ಕೊನೇಗೆ ಮಧ್ಯಮಾವತಿ. ಸಿನಿಮಾ ಹಾಡು ಬೇಡ ಅನ್ನಲಿಲ್ಲ ನಾವು, ಆದ್ರೆ ಧಾರೆ ಮುಗಿದು ಊಟ ಶುರು ಆದ್ಮೇಲೆ ಮಾತ್ರ. ಯಾಕಂದ್ರೆ ಮಧ್ಯದಲ್ಲಿ ಯಾರಾದ್ರೂ ಮಾವ ನೂರು ರೂಪಾಯಿ ಹಿಡ್ಕೊಂಡು "ಆ ಹಾಡು ಊದಪ್ಪ" ಅಂತ ಬಂದೇ ಬರ್ತಾರೆ. ಅಂಥವ್ರಿಗೆ ಏನು ಹೇಳ್ಬೇಕು ಅಂತ ಯಜಮಾನ್ರು ನಮ್ಗೊಂದು ಮಾತು ಹೇಳ್ಕೊಟ್ರು, ಅದು ಅವ್ರ ವೃತ್ತಿ ಗುಟ್ಟು, ಇಲ್ಲಿ ಬರೆಯಲ್ಲ.

ಇನ್ನೊಂದು, ಪುರೋಹಿತ್ರಿಗೂ ವಾಲಗಕ್ಕೂ ಫೋಟೋದವ್ನಿಗೂ ಮಧ್ಯೆ ಒಬ್ಬ ಬೇಕು. ನನ್ ತಮ್ಮನ್ನ ನಿಲ್ಸಿದ್ವಿ, ಕೆಂಪು ಟವಲ್ ಹೆಗಲ ಮೇಲೆ. ಟವಲ್ ಎತ್ತಿದ್ರೆ ಗಟ್ಟಿಮೇಳ, ಇಳಿಸೋವರೆಗೂ ನಿಲ್ಸಂಗಿಲ್ಲ, ಮೂರನೇ ಗಂಟು ಬಿದ್ದು ಫೋಟೋದವ್ನು ತಲೆ ಆಡಿಸಿದ್ ಮೇಲೇ ಇಳಿಸೋದು. ಸುಮಾರು ನಾಲ್ಕು ನಿಮಿಷ ಬಾರಿಸಿದ್ರು, ಡೋಲಿನವ್ರ ಕೈ ಬಿದ್ದೋಯ್ತಂತೆ, ಅದಕ್ಕೆ ಕೈಗೆ ಬೇರೆ ಐನೂರು ಇಟ್ವಿ. ಮೈಕ್ ಇಲ್ವೇ ಇಲ್ಲ. ಹಾಲಿನ ಕೊನೇ ಸಾಲಲ್ಲಿ ಕೂತಿದ್ ನಮ್ ಆಫೀಸಿನವ್ರಿಗೂ ಕೇಳಿಸ್ತು.

ಹುಡುಗನ ಕಡೆ ಒಬ್ರು ಸ್ಯಾಕ್ಸೋಫೋನ್ ಇಡಿ ಅಂತ ಹಠ ಹಿಡಿದಿದ್ರು. ನನ್ಗೂ ಇಷ್ಟನೇ, ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡಲ್ಲಿ ಅದನ್ನ ಕೇಳಿ ಮರುಳಾಗಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು, ಅವ್ರ ತಂದೆ ನಾದಸ್ವರದವ್ರು, ಹಾಗಾಗಿ ಅದೇನೂ ಹೊರಗಿನ ವಾದ್ಯ ಅಲ್ಲ ಅಂತ ನಾನೇ ವಾದ ಮಾಡ್ದೆ. ಆದ್ರೆ ಮಂಗಳೂರಿಂದ ತಂಡ ಕರೆಸಕ್ಕೆ ಗಾಡಿ ರೂಮು ಸೇರಿ 60 ಸಾವಿರ ಅಂದ್ರು, ವಾದ ಅಲ್ಲಿಗೇ ನಿಂತೋಯ್ತು.

ರಿಸೆಪ್ಷನ್ ಇದ್ದಿದ್ದು ಮದ್ವೆ ಹಿಂದಿನ ದಿನ ಸಂಜೆ. ಮೈಸೂರಲ್ಲಿ ಸಂಗೀತ ಕಲಿಯೋ ಹುಡುಗ್ರು, ಇಬ್ರು ಹಾಡೋರು ಒಂದು ಕೀಬೋರ್ಡು ಒಂದು ತಬಲ. ಭಾವಗೀತೆ, ಹಳೇ ಸಿನಿಮಾ ಹಾಡು, ಒಂದಷ್ಟು ದೇವರನಾಮ. ಯಾವ್ದಾದ್ಮೇಲೆ ಯಾವ್ದು ಅನ್ನೋ ಸರದಿ ನಾವಿಬ್ರೇ ಹಾಕಿದ್ದು, ಎರಡು ಭಾನುವಾರ ಜಗಳ ಆಡ್ಕೊಂಡು. ನನ್ ಗಂಡ, ಇವ್ನಿಗೆ ಎಲ್ಲಾ ಫಾಸ್ಟ್ ಬೇಕು, ನನ್ಗೆ ಸ್ಟೇಜ್ ಮೇಲೆ ಕೈ ಮುಗಿಯೋ ಕ್ಯೂ ನಡೀವಾಗ ಫಾಸ್ಟ್ ಬೇಡ. ಆ ಸರದಿ ಇಲ್ಲಿ ಹಾಕಲ್ಲ, ನಮ್ ತಂಗಿ ಮದ್ವೆ ಇನ್ನೂ ಇದೆ. ಒಂಬತ್ತೂ ಮುಕ್ಕಾಲಿಗೆ ಕೊನೇ ಹಾಡು, ರಾತ್ರಿ 10ರ ಮೇಲೆ ಮೈಕ್ ಹಾಕಂಗಿಲ್ಲ ಅನ್ನೋದು ನಿಮ್ಗೆಲ್ಲಾ ಗೊತ್ತಿರೋದೇ.

ಛತ್ರದವ್ರು ಇನ್ನೊಂದು ಬಾಂಬ್ ಹಾಕಿದ್ರು, ಸಿನಿಮಾ ಹಾಡು ಹಾಡಿದ್ರೆ ಲೈಸೆನ್ಸಿಗೆ 12 ಸಾವಿರ ಕಟ್ಟಿ ಅಂತ. ಕಟ್ಟೋಕೆ ಅಪ್ಪ ರೆಡಿ ಆಗ್ಬಿಟ್ಟಿದ್ರು. ಇವ್ನು ತಡೆದ. ಕಾಪಿರೈಟ್ ಕಾಯ್ದೆ ಸೆಕ್ಷನ್ 52(1)ರ ಝಡ್‌ಎ ಅಂತ ಒಂದಿದೆ, ಮದ್ವೆ ಮೆರವಣಿಗೆ ಮತ್ತೆ ಮದ್ವೆಗೆ ಸಂಬಂಧಪಟ್ಟ ಸಮಾರಂಭಗಳಲ್ಲಿ ಹಾಡು ಹಾಕಿದ್ರೆ ಅದು ಉಲ್ಲಂಘನೆ ಅಲ್ಲ. 2023ರ ಜುಲೈನಲ್ಲಿ ಕೇಂದ್ರದ ಡಿಪಿಐಐಟಿ (ಕಾಪಿರೈಟ್ ವಿಷ್ಯ ನೋಡ್ಕೊಳೋ ಇಲಾಖೆ) ಇದೇ ವಿಷ್ಯಕ್ಕೆ ನೋಟಿಸ್ ಕೂಡ ಹೊರಡಿಸಿದೆ. ಅದ್ರ ಪ್ರಿಂಟ್ ತೆಗ್ದು ಮ್ಯಾನೇಜರ್ ಟೇಬಲ್ ಮೇಲಿಟ್ಟ. ಆಮೇಲೆ ಆ ಮಾತೇ ಬರ್ಲಿಲ್ಲ, ಆದ್ರೆ ಜನರೇಟರ್ ಬಿಲ್ಲು ಸ್ವಲ್ಪ ದಪ್ಪ ಆಯ್ತು.

ಮಧ್ಯೆ ಒಂದು ಪ್ರಯೋಗ ಮಾಡಿದ್ವಿ. ಅಜ್ಜಿ ಸೋಬಾನೆ ಪದ ಚೆನ್ನಾಗಿ ಹೇಳ್ತಾರೆ, 78 ವರ್ಷ, ಮದ್ವೆ ದಿನ ಉಸಿರು ಸಾಲದಿದ್ರೆ ಅಂತ ಮುಂಚೇನೇ ಮೊಬೈಲಲ್ಲಿ ರೆಕಾರ್ಡ್ ಮಾಡಿ ಅರಿಶಿನ ಶಾಸ್ತ್ರಕ್ಕೆ ಸ್ಪೀಕರಲ್ಲಿ ಹಾಕಿದ್ವಿ. ಅಜ್ಜಿ ಸ್ವಲ್ಪ ಹೊತ್ತು ಕೇಳಿ "ಯಾರವ್ವ ಅದು, ತಪ್ಪು ತಪ್ಪಾಗಿ ಹೇಳ್ತಾವ್ಳೆ, ನಿಲ್ಸು" ಅಂತ ತಾವೇ ಶುರು ಮಾಡಿದ್ರು. ಮುಕ್ಕಾಲು ಗಂಟೆ. ಜೊತೆಗೆ ಏಳೆಂಟು ಜನ ಹೆಂಗಸ್ರು ದನಿಗೂಡಿಸಿದ್ರು, ಅವ್ರಿಗೆ ಬರುತ್ತೆ ಅಂತಾನೇ ನಮ್ಗೆ ಗೊತ್ತಿರ್ಲಿಲ್ಲ. ಆ ಸ್ಪೀಕರಿಗೆ ಕೊಟ್ಟ ಬಾಡಿಗೆ ದಂಡ.

ಈಗ ಗಿಫ್ಟಿನ ವಿಷ್ಯ. ರಿಟರ್ನ್ ಗಿಫ್ಟಿಗೆ ಮೊದಲು ಸ್ಟೀಲ್ ಡಬ್ಬಿ ಅಂದ್ಕೊಂಡ್ವಿ, ಹೆಸ್ರು ಹಾಕ್ಸಿದ್ದು. 50 ಸ್ಯಾಂಪಲ್ ಬಂತು, ನನ್ ಹೆಸ್ರಲ್ಲಿ ಒಂದು ಅಕ್ಷರ ತಪ್ಪು, ಎರಡು ಸಾವಿರ ಹೋಯ್ತು. ಆ ಡಬ್ಬೀಲಿ ಈಗ ಅಮ್ಮ ಸಾಸಿವೆ ಜೀರಿಗೆ ಹಾಕ್ಕೊಂಡವ್ರೆ. ಆಮೇಲೆ ಚನ್ನಪಟ್ಟಣಕ್ಕೆ ಹೋದ್ವಿ, ನಮ್ಗೆ ಪಕ್ಕದಲ್ಲೇ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಓಪನ್ ಆದ್ಮೇಲೆ ಊರೊಳಗಿನ ಹಳೇ ರೋಡಿಗೆ ಗಾಡಿಗಳು ಬರೋದು ಕಮ್ಮಿ ಆಗಿ ಗೊಂಬೆ ಅಂಗಡಿಗಳು ಡಲ್ಲು. ಅಂಗಡಿ ಬಿಟ್ಟು ಸೀದಾ ಲೇತ್ (ಮರ ತಿರುಗಿಸಿ ಕಡೆಯೋ ಯಂತ್ರ) ಇರೋ ಮನೆಗೆ ಹೋದ್ವಿ. ಕುಂಕುಮದ ಭರಣಿ, ಹಾಲೆ ಮರದ್ದು, ಅಂಗಡೀಲಿ 90-100 ಹೇಳೋದು ನಮ್ಗೆ 55ಕ್ಕೆ ಒಪ್ಪಿದ್ರು, 650 ಪೀಸು. ತಿರುಗ್ತಿರೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹತ್ಕೊಳುತ್ತೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು. ನೋಡ್ತಾ ಕೂತ್ರೆ ಮನೆಗೆ ಹೋಗೋದೇ ಮರ್ತೋಗುತ್ತೆ, ಇವ್ನಂತೂ ತಾನೂ ಒಂದು ಮಾಡ್ತೀನಿ ಅಂತ ಹೋಗಿ ಬುಗುರಿ ಥರದ್ದೇನೋ ಮಾಡಿಟ್ಟ.

ಮೊದಲ ಲಾಟು 100 ಬಂತು. ಮೂವತ್ತರ ಮುಚ್ಚಳ ತೆಗೆಯೋಕೇ ಆಗ್ಲಿಲ್ಲ, ಕೆಲವ್ದು ಲೊಡಲೊಡ. ಮರ ಸರಿಯಾಗಿ ಒಣಗಿರ್ಲಿಲ್ಲ. ಅವ್ರು ಅರ್ಜೆಂಟಲ್ಲಿ ಮಾಡಿದ್ದಲ್ಲ, ನಾವು ಅರ್ಜೆಂಟ್ ಮಾಡ್ಸಿದ್ದು, ಒಂದೂವರೆ ತಿಂಗಳು ಅಂದಿದ್ದನ್ನ 20 ದಿನ ಅಂದಿದ್ವಿ. ವಾಪಸ್ ಕೊಟ್ಟು ಡಿಸೆಂಬರ್ ಕೊನೇವರೆಗೆ ಟೈಮ್ ಕೊಟ್ವಿ, ಆಮೇಲೆ ಬಂದಿದ್ರಲ್ಲಿ ಕೆಟ್ಟಿದ್ದು ಎಂಟೋ ಒಂಬತ್ತೋ ಅಷ್ಟೇ. ಬಣ್ಣಾನೂ ಅಷ್ಟೆ, ಅರಿಶಿನದ ಹಳದಿ, ಒಂದು ಕೆಂಪು, ಎರಡೇ ಸಾಕು ಅಂತ ಹೇಳಿ, ಬಿಟ್ರೆ ಪೂರ್ತಿ ಕಾಮನಬಿಲ್ಲು ಮಾಡಿಕೊಡ್ತಾರೆ. ತಾಂಬೂಲದ ಚೀಲಕ್ಕೆ ಕಾಯಿ ಇವ್ನ ಮನೆ ತೋಟದ್ದು, ಅರಸೀಕೆರೆ ಕಡೆಯೋರು, ಕಾಯಿ ರೇಟು ಏರಿದ್ದ ಟೈಮಲ್ಲಿ ಅದೊಂದು ದೊಡ್ಡ ಉಳಿತಾಯ.

ಬರೋ ಗಿಫ್ಟಿಂದೇ ದೊಡ್ಡ ತಲೆನೋವು. ಬೀಗರ ಕಡೆ ಕಾರ್ಡಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಹಾಕ್ಸಿ ಅಂದ್ರು. ಅಪ್ಪ ಸುತಾರಾಂ ಒಪ್ಲಿಲ್ಲ. "ನಾನು ಮೂವತ್ ವರ್ಷದಿಂದ ಊರೆಲ್ಲಾ ಮುಯ್ಯಿ ಹಾಕಿವ್ನಿ, ಅವ್ರು ತೀರಿಸ್ಬಾರ್ದಾ?" ಅಂದ್ರು. ನನ್ಗೆ ಆಗ ಅರ್ಥ ಆಗಿದ್ದು, ಮುಯ್ಯಿ ಗಿಫ್ಟ್ ಅಲ್ಲ, ಲೆಕ್ಕ, ನಾವು ಅವ್ರ ಮದ್ವೇಲಿ ಹಾಕಿದ್ದನ್ನ ಅವ್ರು ನಮ್ ಮದ್ವೇಲಿ ವಾಪಸ್ ಹಾಕೋದು. ಬೇಡ ಅಂದ್ರೆ ಬಂದೋರಿಗೇ ಅವಮಾನ. ನಾನು ಬುದ್ವಂತಿಕೆ ಮಾಡಿ ಕಾರ್ಡಲ್ಲಿ ಕ್ಯೂಆರ್ ಕೋಡ್ ಹಾಕ್ಸೋಣ ಅಂದೆ, ಅದಕ್ಕೆ ಆದ ಗಲಾಟೆ ಬರೆದ್ರೆ ಇನ್ನೊಂದು ಲೇಖನ ಆಗುತ್ತೆ.

ಕೊನೇಗೆ ಅಕ್ಕನ ಮದುವೆಯ ಮುಯ್ಯಿ ಪುಸ್ತಕ ಹೊರಗೆ ತೆಗೆದ್ವಿ, 2016ದು. ರಾತ್ರಿ ಕೂತು ಎಲ್ಲಾ ಶೀಟಿಗೆ ಹತ್ತಿಸಿದ್ವಿ. ಗೋಡೆ ಗಡಿಯಾರ 11, ಡಿನ್ನರ್ ಸೆಟ್ 9, ಮಿಕ್ಸಿ 3, ಗಾಜಿನ ಲೋಟದ ಬಾಕ್ಸು ಲೆಕ್ಕಕ್ಕೇ ಇಲ್ಲ. ದುಡ್ಡು ಬರೆಸಿದೋರು ಬರೀ ದುಡ್ಡೇ, ಸಾಮಾನು ತರೋರು ಒಂದೇ ಮೂವತ್ತು ನಲವತ್ತು ಮನೆ, ಅವ್ರು ಯಾರ್ಯಾರು ಅಂತ ಹೆಸ್ರು ಸಮೇತ ಸಿಕ್ತು. ಅಲ್ಲಿಗೆ ಕೆಲಸ ಅರ್ಧ ಆಯ್ತು. ಗಡಿಯಾರ ಡಿನ್ನರ್ ಸೆಟ್ ಥರದ್ದು ಬೇಡ ಅಂತ ಆ ನಲವತ್ತು ಮನೆಗೆ ಮಾತ್ರ ಸುದ್ದಿ ಮುಟ್ಟಿಸ್ಬೇಕು, ಅದೂ ನಾವು ಹೇಳ್ದಂಗೆ ಇರ್ಬಾರ್ದು. ಆ ಕೆಲಸ ಸೋದರತ್ತೆಗೆ ಒಪ್ಪಿಸಿದ್ವಿ. ಅವ್ರಿಗೆ ಏನು ಹೇಳಿ ಒಪ್ಪಿಸಿದ್ವಿ ಅನ್ನೋದು ಬಿಡಿ. ಅತ್ತೆ ಫೋನಲ್ಲಿ "ಮಗುಗೆ ಬೆಂಗ್ಳೂರಲ್ಲಿ ಚಿಕ್ಕ ಮನೆ ಕಣೇ, ಫ್ರಿಜ್ ಇಲ್ವಂತೆ, ನಾವ್ ನಾಲ್ಕು ಜನ ಸೇರ್ಕೊಂಡು ಕೊಡ್ಸೋಣ್ವಾ" ಅಂತ ಶುರು ಮಾಡಿದ್ರು. ಐದು ಮನೆ ಸೇರಿ ಫ್ರಿಜ್, ಆರು ಮನೆ ಸೇರಿ ವಾಷಿಂಗ್ ಮಿಷನ್, ಉಳಿದೋರಲ್ಲಿ ಮುಕ್ಕಾಲು ಪಾಲು ದುಡ್ಡೇ ಬರೆಸಿದ್ರು. ಮದ್ವೆಗೆ ಬಂದ ಉಡುಗೊರೆಗೆ ಇನ್ಕಮ್ ಟ್ಯಾಕ್ಸ್ ಇಲ್ಲ, ಆದ್ರೂ ಮುಯ್ಯಿ ಪುಸ್ತಕದ ಫೋಟೋ ತೆಗೆದಿಟ್ಕೊಳಿ, ನಾಳೆ ಅವ್ರ ಮನೆ ಮದ್ವೆಗೆ ಎಷ್ಟು ಹಾಕ್ಬೇಕು ಅಂತ ನೋಡಕ್ಕೆ ಬೇಕೇ ಬೇಕು.

ಊಟದ ಹೊತ್ತಿಗೆ ಇನ್ನೊಂದು ಗಮನಿಸಿದ್ವಿ. ಡೋಲು ಜೋರಾಗಿದ್ದಾಗ ಒಂದು ಪಂಕ್ತಿ 25 ನಿಮಿಷಕ್ಕೆ ಎದ್ದೇಳ್ತಿತ್ತು, ಬರೀ ನಾದಸ್ವರ ನಿಧಾನಕ್ಕೆ ಊದಿದಾಗ 35 ಆಗ್ತಿತ್ತು, ಪಾಯಸ ಎರಡನೇ ಸಲ ಕೇಳೋರೂ ಜಾಸ್ತಿ. ಅಡುಗೆ ಭಟ್ರು ಬಂದು "ಸ್ವಲ್ಪ ಬೇಗ ಬೇಗ ಬಾರಿಸಕ್ಕೆ ಹೇಳಮ್ಮ, ಮೂರನೇ ಪಂಕ್ತಿ ಕಾಯ್ತಾ ಅವ್ರೆ" ಅಂದ್ರು. ದೊಡ್ಡಪ್ಪ ಎರಡೂವರೆ ಗಂಟೆವರೆಗೂ ವಾಲಗದ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ರು, ಮಾತಾಡ್ಸಕ್ಕೆ ಹೋದ್ರೆ ಸುಮ್ನಿರು ಅಂತ ಕೈ ಮಾಡಿದ್ರು.

ಭರಣಿ 43 ಉಳಿದವೆ. ಗೋಡೆ ಗಡಿಯಾರ ಎರಡು ಬಂತು, ಒಂದು ಆ ಸೋದರತ್ತೇದೇ. "ಎಲ್ರಿಗೂ ಬೇಡ ಅಂದ್ಬಿಟ್ಟಿದ್ನಲ್ಲ, ಒಂದೂ ಬರಲ್ಲ ಅಂತ ನಾನೇ ತಂದೆ" ಅಂದ್ರು.