ಹ್ಯಾಲೋವೀನ್ ಕಾರ್ನಿವಲ್ ಮಾಡ್ತೀರಾ? ಮೊದ್ಲು ಕ್ಯೂ ಲೆಕ್ಕ ಹಾಕಿ

ಸೆಪ್ಟೆಂಬರ್ ಬಂತು ಅಂದ್ರೆ ಸ್ಕೂಲಿನ ಪಿಟಿಎ (ಪೋಷಕರು, ಟೀಚರ್‌ಗಳ ಸಂಘ) ಗ್ರೂಪಲ್ಲಿ "ಈ ಸಲ ಹ್ಯಾಲೋವೀನ್ ಕಾರ್ನಿವಲ್ ಯಾರು ನೋಡ್ಕೋತೀರ" ಅಂತ ಒಂದು ಮೆಸೇಜ್ ಬರತ್ತೆ, ಎಲ್ರೂ ಓದಿ ಸುಮ್ನಾಗ್ತಾರೆ, ಹೊಸದಾಗಿ ಬಂದ ಯಾರೋ ಒಬ್ರು ದಾಕ್ಷಿಣ್ಯಕ್ಕೆ "ನಾನು ಹೆಲ್ಪ್ ಮಾಡ್ತೀನಿ" ಅಂತ ಹಾಕಿಬಿಡ್ತಾರೆ, ಅಲ್ಲಿಗೆ ಮುಗೀತು, ಪೂರ್ತಿ ಕಾರ್ನಿವಲ್, ಅಂದ್ರೆ ಮಕ್ಕಳ ಆಟದ ಸ್ಟಾಲುಗಳ ಜಾತ್ರೆ, ಅವರ ತಲೆ ಮೇಲೆ. ನಾನೂ ಹಂಗೇ ಸಿಕ್ಕಾಕೊಂಡೋಳು. ನ್ಯೂಜೆರ್ಸಿಲಿ ಇದೀವಿ, ಮೂರು ವರ್ಷ ಸ್ಕೂಲಿಗೆ ಮಾಡಿದೀನಿ, ಒಂದು ಸಲ ಪಕ್ಕದ ಚರ್ಚಿನವರ ಜೊತೆ ಸೇರಿ ಅವರ ಪಾರ್ಕಿಂಗ್ ಲಾಟಲ್ಲಿ ಮಾಡಿದೀನಿ. ನಿಮ್ಮಲ್ಲೂ ಯಾರಾದ್ರೂ ಹೀಗೆ ಬಾಯಿಬಿಟ್ಟು ಸಿಕ್ಕಾಕೊಂಡಿದ್ರೆ ಇದು ನಿಮಗೆ.

ಮೊದಲನೇ ವರ್ಷ ನಾನು ಮಾಡಿದ ತಪ್ಪು ಏನಂದ್ರೆ ಡೆಕೊರೇಷನ್ ಬಗ್ಗೆ ತಲೆ ಕೆಡಿಸ್ಕೊಂಡಿದ್ದು. ಜೇಡರ ಬಲೆ, ಅಸ್ಥಿಪಂಜರ, ಕೇಸರಿ ಲೈಟು ಅಂತ ದುಡ್ಡೆಲ್ಲ ಅಲ್ಲೇ ಹೋಯ್ತು, ಆಮೇಲೆ ನೋಡಿದ್ರೆ ಮಕ್ಕಳು ಒಂದೊಂದು ಆಟಕ್ಕೆ ಇಪ್ಪತ್ತು ನಿಮಿಷ ಕ್ಯೂಲಿ ನಿಂತು ಅಳ್ತಾ ಇದ್ವು, ಬಲೆ ಕಡೆ ಒಬ್ರೂ ಕಣ್ಣೆತ್ತಿ ನೋಡ್ಲಿಲ್ಲ. ನಮ್ಮೂರ ಜಾತ್ರೆ ನೆನಪು ಮಾಡ್ಕೊಳ್ಳಿ, ಬಳೆ ಅಂಗಡಿ, ರಿಂಗ್ ಎಸೆಯೋ ಅಂಗಡಿ, ಬಲೂನಿಗೆ ಬಂದೂಕು ಹೊಡೆಯೋ ಅಂಗಡಿ, ಯಾವುದಕ್ಕೂ ದೊಡ್ಡ ಅಲಂಕಾರ ಇರಲ್ಲ, ಜನ ನಿಂತ ಕಡೆ ನಿಲ್ದೆ ಸರೀತಾ ಇರ್ತಾರೆ ಅಷ್ಟೇ. ಇಲ್ಲೂ ಅದೇ.

ಲೆಕ್ಕ ಹೀಗೆ ಹಾಕಿ. ಒಂದು ಮಗು ಒಂದು ಆಟ ಆಡೋಕೆ ಒಂದು ನಿಮಿಷ ಅನ್ಕೊಳ್ಳಿ, ಎರಡು ಗಂಟೇಲಿ ಒಂದು ಸ್ಟಾಲಲ್ಲಿ 120 ಸಲ ಆಡಬಹುದು, 10 ಸ್ಟಾಲ್ ಇದ್ರೆ 1200. ಇನ್ನೂರು ಮಕ್ಕಳು ಬಂದ್ರೆ ತಲೆಗೆ ಆರೇ ಆಟ. ಇದು ಕಮ್ಮಿ, ಅಪ್ಪ ಅಮ್ಮ ಮುಖ ಸಿಂಡರಿಸ್ತಾರೆ. ಅದಕ್ಕೆ ಪರಿಹಾರ ಸ್ಟಾಲ್ ಜಾಸ್ತಿ ಮಾಡೋದಲ್ಲ, ಒಂದೇ ಸ್ಟಾಲಲ್ಲಿ ಎರಡೆರಡು ಲೈನ್ ಮಾಡೋದು, ಬೀನ್ ಬ್ಯಾಗ್ (ಕಾಳು ತುಂಬಿದ ಪುಟ್ಟ ಚೀಲ) ಎಸೆಯೋ ಹಲಗೆ ಒಂದರ ಬದಲು ಎರಡು ಅಕ್ಕಪಕ್ಕ ಇಟ್ರೆ ಜಾಗ ಅಷ್ಟೇ ಹಿಡಿಯತ್ತೆ, ಆಟ ಡಬಲ್ ಆಗತ್ತೆ. ಬೇಗ ಮುಗಿಯೋ ಆಟಾನೇ ಆರಿಸಿ: ಸಣ್ಣ ಕುಂಬಳಕಾಯಿ ತೊಟ್ಟಿಗೆ ರಿಂಗ್ ಹಾಕೋದು, ಟಾಯ್ಲೆಟ್ ಪೇಪರ್ ರೋಲಿಗೆ ಕಣ್ಣು ಬರೆದು ದೆವ್ವ ಮಾಡಿ ಚೆಂಡಲ್ಲಿ ಬೀಳಿಸೋದು (ನಮ್ಮ ಲಗೋರಿನೇ, ಹೆಸರು ಬೇರೆ), ಟಬ್ಬಲ್ಲಿ ತೇಲೋ ಬಾತುಕೋಳಿ ಎತ್ತಿ ಕೆಳಗಿನ ನಂಬರ್ ನೋಡೋದು. ಬಾತುಕೋಳಿ ಆಟ ಎರಡು ಮೂರು ವರ್ಷದ ಪುಟಾಣಿಗಳಿಗೆ, ಅಲ್ಲಿ ಸೋಲೋದೇ ಇಲ್ಲ, ಅದೊಂದು ಇರ್ಲೇಬೇಕು. ನೀರಲ್ಲಿ ತೇಲೋ ಸೇಬನ್ನ ಬಾಯಲ್ಲಿ ಕಚ್ಚಿ ಎತ್ತೋ ಹಳೇ ಆಟ ಒಂದಿದೆ, ಐವತ್ತು ಮಕ್ಕಳ ಜೊಲ್ಲು ಒಂದೇ ನೀರಲ್ಲಿ, ಬೇಡ. ಅದರ ಬದಲು ದಾರಕ್ಕೆ ಡೋನಟ್ ಕಟ್ಟಿ ತೂಗುಬಿಟ್ಟು ಕೈ ಹಿಂದೆ ಕಟ್ಕೊಂಡು ತಿನ್ನೋಕೆ ಬಿಡಿ, ನಗು ಜಾಸ್ತಿ.

ಫೇಸ್ ಪೇಂಟಿಂಗ್ ಅನ್ನೋದು ಕ್ಯೂಗೆ ವಿಷ. ಒಂದು ಮುಖಕ್ಕೆ ಐದು ನಿಮಿಷ ಅಂದ್ರೂ ಎರಡು ಗಂಟೇಲಿ ಒಬ್ಬರು 24 ಮಕ್ಕಳಿಗೆ ಮಾತ್ರ ಹಾಕಬಹುದು. ಒಂದು ವರ್ಷ ಮಂಗಳೂರು ಕಡೆಯ ಒಬ್ರು ಅಪ್ಪ ಬ್ರಷ್ ಹಿಡಿದು ಹುಲಿವೇಷದ ಪಟ್ಟೆ ಬರೆಯೋಕೆ ಶುರು ಮಾಡಿದ್ರು, ಏನ್ ಚೆನ್ನಾಗಿತ್ತು ಅಂತೀರ, ಆದ್ರೆ ಕ್ಯೂ ಜಿಮ್ ಬಾಗಿಲು ದಾಟಿ ಕಾರಿಡಾರಿಗೆ ಹೋಯ್ತು, ಪಾಪ ಆ ಮನುಷ್ಯ ಮುಗಿಯೋವರೆಗೂ ನೀರೂ ಕುಡೀಲಿಲ್ಲ. ಕೆನ್ನೆ ಮೇಲೆ ಒಂದು ಸಣ್ಣ ಚಿತ್ರ ಮಾತ್ರ, ಇಲ್ಲಾಂದ್ರೆ ನೀರು ಹಚ್ಚಿ ಅಂಟಿಸೋ ಟ್ಯಾಟೂ, ಅಷ್ಟು ಸಾಕು.

ಕೇಕ್‌ವಾಕ್ ಮಾತ್ರ ಬಿಡಬೇಡಿ. ನೆಲದ ಮೇಲೆ ವೃತ್ತಾಕಾರವಾಗಿ 20 ನಂಬರ್ ಅಂಟಿಸಿ, ಹಾಡು ಹಾಕಿ, ಎಲ್ರೂ ಸುತ್ತಬೇಕು, ಹಾಡು ನಿಂತಾಗ ಡಬ್ಬಿಯಿಂದ ಒಂದು ಚೀಟಿ ಎತ್ತಿ, ಆ ನಂಬರ್ ಮೇಲೆ ನಿಂತವರಿಗೆ ಒಂದು ಕೇಕ್. ಒಂದೇ ಸಲಕ್ಕೆ 20 ಮಕ್ಕಳು ಎರಡು ಮೂರು ನಿಮಿಷದಲ್ಲಿ ಆಡಿಬಿಡ್ತಾರೆ, ಕ್ಯೂ ಕರಗಿಸೋಕೆ ಇದಕ್ಕಿಂತ ಒಳ್ಳೇದು ಇಲ್ಲ. ಕೇಕ್, ಕಪ್‌ಕೇಕ್ ಎಲ್ಲ ಪೋಷಕರೇ ತಂದ್ಕೊಡ್ತಾರೆ.

ಈಗ ಡೇಟು. ಹ್ಯಾಲೋವೀನ್ ದಿನ, ಅಕ್ಟೋಬರ್ 31ನೇ ತಾರೀಖಿಗೇ ಇಡಬೇಡಿ, ಆವತ್ತು ಸಂಜೆ ಮಕ್ಕಳು ಮನೆಮನೆಗೆ ಕ್ಯಾಂಡಿಗೆ ಹೋಗ್ತಾರೆ, ನಿಮ್ಮ ಕಡೆ ಯಾರೂ ಬರಲ್ಲ. ಅದರ ಹಿಂದಿನ ಶುಕ್ರವಾರ ಇಲ್ಲಾ ಶನಿವಾರ. 2026ರಲ್ಲಿ 31 ಶನಿವಾರವೇ ಬಂದಿದೆ, ಹಾಗಾಗಿ 23 ಅಥವಾ 24ಕ್ಕೆ ನೋಡಿ. ನಮ್ಮವರಿಗೆ ಇನ್ನೊಂದು ಕಿವಿಮಾತು, ದೀಪಾವಳಿ ಯಾವತ್ತು ಅಂತ ಪಂಚಾಂಗ ನೋಡ್ಕೊಂಡೇ ಡೇಟ್ ಹೇಳಿ, 2024ರಲ್ಲಿ ಅಕ್ಟೋಬರ್ 31ಕ್ಕೇ ಹಬ್ಬ ಬಂದು ಅರ್ಧ ಮನೇಲಿ ಹಣತೆ, ಅರ್ಧ ಮನೇಲಿ ಡ್ರಾಕುಲಾ. ಕನ್ನಡ ಕೂಟದ ರಾಜ್ಯೋತ್ಸವ ಪ್ರೋಗ್ರಾಮಿನ ರಿಹರ್ಸಲ್ಲೂ ಇದೇ ಟೈಮಲ್ಲಿ ಇರತ್ತೆ. ಹೊರಗಡೆ ಮಾಡೋದಾದ್ರೆ ಕತ್ತಲೆ ಲೆಕ್ಕ ಇಟ್ಕೊಳ್ಳಿ, ಇಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡೋದು ನವೆಂಬರ್ ಮೊದಲನೇ ಭಾನುವಾರ, ಅಲ್ಲೀವರೆಗೂ ನಮ್ಮ ಕಡೆ ಅಕ್ಟೋಬರ್ ಕೊನೇಲಿ ಸೂರ್ಯ ಮುಳುಗೋದು ಆರರ ಸುಮಾರಿಗೆ. ನಾಲ್ಕೂವರೆಯಿಂದ ಆರೂವರೆ ಇಟ್ರೆ ಚಿಕ್ಕವರಿಗೆ ಬೆಳಕು, ದೊಡ್ಡವರಿಗೆ ಕೊನೇಲಿ ಸ್ವಲ್ಪ ಕತ್ತಲೆ, ಎರಡೂ ಸಿಗತ್ತೆ.

ಹೆಸರು ಏನಿಡ್ತೀರ ಅನ್ನೋದು ಕೂಡ ಸಣ್ಣ ವಿಷಯ ಅಲ್ಲ. ಯಹೋವನ ಸಾಕ್ಷಿಗಳು ಹ್ಯಾಲೋವೀನ್ ಆಚರಿಸಲ್ಲ, ಬೇರೆ ಕೆಲವು ಕ್ರಿಶ್ಚಿಯನ್ ಕುಟುಂಬಗಳೂ ದೆವ್ವ ಭೂತ ಅಂದ್ರೆ ದೂರ ಇರ್ತಾರೆ, ಅದಕ್ಕೇ ಎಷ್ಟೋ ಸ್ಕೂಲು ಚರ್ಚುಗಳು "ಫಾಲ್ ಫೆಸ್ಟಿವಲ್", "ಹಾರ್ವೆಸ್ಟ್ ಫೆಸ್ಟಿವಲ್" ಅಂತ ಕರೀತಾರೆ. ಚರ್ಚಿನ ಜೊತೆ ಮಾಡುವಾಗ ಮೊದಲನೇ ಮೀಟಿಂಗಲ್ಲೇ ಕೇಳ್ಬಿಡಿ, ಮಾಟಗಾತಿ, ಸಮಾಧಿ ಕಲ್ಲು ಓಕೆನಾ ಅಂತ. ನಾವು ಕೇಳ್ದೆ ಥರ್ಮೋಕೋಲಿನ ಸಮಾಧಿ ಹನ್ನೆರಡು ಮಾಡ್ಕೊಂಡು ಹೋಗಿ ವಾಪಸ್ ತಂದ್ವಿ.

ಅಂದ ಹಾಗೆ ಈ ಊರೊಟ್ಟಿನ ಹ್ಯಾಲೋವೀನ್ ಶುರುವಾಗಿದ್ದೇ ಪುಂಡಾಟ ತಡೆಯೋಕೆ. ಮಿನ್ನೆಸೋಟಾದ ಅನೋಕಾ ಅನ್ನೋ ಊರಲ್ಲಿ ಹ್ಯಾಲೋವೀನ್ ರಾತ್ರಿ ಹುಡುಗ್ರು ಹಸು ಬಿಚ್ಚಿ ಬೀದಿಗೆ ಬಿಡೋದು, ಕಿಟಕಿಗೆ ಸೋಪು ಬಳಿಯೋದು ಎಲ್ಲ ಮಾಡ್ತಿದ್ರಂತೆ, ಥೇಟ್ ನಮ್ಮಲ್ಲಿ ಕಾಮಣ್ಣನ ಹಬ್ಬಕ್ಕೆ ಕಟ್ಟಿಗೆ ಕುಳ್ಳು ಕದಿಯೋ ಹುಡುಗ್ರ ತರ, ಅದಕ್ಕೆ 1920ರಲ್ಲಿ ಊರಿನವರು ಸೇರಿ ಮೆರವಣಿಗೆ, ಬೆಂಕಿ ಹಾಕಿ ತಿಂಡಿ ಕೊಡೋದು ಶುರು ಮಾಡಿದ್ರು. ಹಾಗಾಗಿ ಹತ್ತು ಹನ್ನೆರಡು ವರ್ಷದವರಿಗೆ ಏನೂ ಇಲ್ಲದ ಕಾರ್ನಿವಲ್ ಮಾಡಬೇಡಿ, ಅವರಿಗೆ ಬೋರ್ ಆದ್ರೆ ಬಾತುಕೋಳಿ ಟಬ್ಬಿಗೆ ಬೀಳೋದು ಅವರೇ.

ಅವರಿಗೆ ಬೇಕಾಗಿರೋದು ಹಾಂಟೆಡ್ ಹೌಸ್, ಕತ್ತಲೇಲಿ ಹೆದರಿಸೋ ದೆವ್ವದ ಮನೆ. ಇಲ್ಲಿ ಮಾತ್ರ ದಯವಿಟ್ಟು ಹುಷಾರು. ಕ್ಲಾಸ್‌ರೂಮಿಗೆ ಕಪ್ಪು ಪ್ಲಾಸ್ಟಿಕ್ ಕಟ್ಟಿ, ರಟ್ಟಿನ ಗೋಡೆ ನಿಲ್ಲಿಸಿ, ಒಳಗೆ ಕತ್ತಲೆ ಮಾಡಿದ್ರೆ ಅದು ಬೆಂಕಿಗೆ ಕಾಯ್ತಾ ಇರೋ ಗೂಡು. 1984ರ ಮೇ ತಿಂಗಳಲ್ಲಿ ನಮ್ಮ ನ್ಯೂಜೆರ್ಸಿಲೇ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಅನ್ನೋ ಅಮ್ಯೂಸ್‌ಮೆಂಟ್ ಪಾರ್ಕಿನ ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಬಿದ್ದು ಎಂಟು ಜನ ಟೀನೇಜ್ ಮಕ್ಕಳು ಸತ್ರು, ಆಮೇಲೇ ಇಂಥ ಕಟ್ಟಡಗಳಿಗೆ ಸ್ಪ್ರಿಂಕ್ಲರ್ ಅದೂ ಇದೂ ಅಂತ ರೂಲ್ಸ್ ಬಿಗಿ ಆಗಿದ್ದು. ಮಾಡ್ಲೇಬೇಕು ಅಂದ್ರೆ ಊರಿನ ಫೈರ್ ಮಾರ್ಷಲ್‌ಗೆ (ಬೆಂಕಿ ಸುರಕ್ಷತೆ ನೋಡ್ಕೊಳ್ಳೋ ಅಧಿಕಾರಿ) ಒಂದು ತಿಂಗಳು ಮುಂಚೆ ಫೋನ್ ಮಾಡಿ, ನಿಜವಾದ ಮೇಣದಬತ್ತಿ ಎಲ್ಲೂ ಬೇಡ, ಕುಂಬಳಕಾಯಿ ಒಳಗೂ ಬ್ಯಾಟರಿ ಎಲ್‌ಇಡಿನೇ. ಮಿಂಚೋ ಸ್ಟ್ರೋಬ್ ಲೈಟೂ ಬೇಡ, ಫಿಟ್ಸ್ ಬರೋ ಮಕ್ಕಳಿರ್ತಾರೆ. ಫಾಗ್ ಮೆಷಿನ್ ತರೋಕೆ ಮುಂಚೆ ಸ್ಮೋಕ್ ಅಲಾರ್ಮ್ ಎಲ್ಲಿದೆ ನೋಡಿ, ನಮ್ಮ ಎರಡನೇ ವರ್ಷ ಹೊಗೆ ಮೇಲಕ್ಕೆ ಹೋಗಿ ಅಲಾರ್ಮ್ ಹೊಡ್ಕೊಂಡು ಇಡೀ ಸ್ಕೂಲ್ ಖಾಲಿ, ಇನ್ನೂರು ಮಕ್ಕಳು ವೇಷದಲ್ಲಿ ಹುಲ್ಲಿನ ಮೇಲೆ, ಫೈರ್ ಟ್ರಕ್ಕೂ ಬಂತು. ನನ್ನ ಮಗನನ್ನ ಕಾರ್ನಿವಲಲ್ಲಿ ಏನು ಇಷ್ಟ ಆಯ್ತೋ ಅಂದ್ರೆ ಇವತ್ತಿಗೂ ಫೈರ್ ಟ್ರಕ್ ಅಂತಾನೆ.

ಆವತ್ತಿಂದ ನಾವು ಹಾಂಟೆಡ್ ಹೌಸ್ ಬಿಟ್ಟು ಮುಟ್ಟಿ ನೋಡೋ ಡಬ್ಬಿ ಇಡ್ತೀವಿ. ರಟ್ಟಿನ ಡಬ್ಬಿಗೆ ಕೈ ಹೋಗೋವಷ್ಟು ತೂತು, ಒಳಗೆ ಬಟ್ಟಲು, ಒಂದ್ರಲ್ಲಿ ಸಿಪ್ಪೆ ಸುಲಿದ ದ್ರಾಕ್ಷಿ (ಕಣ್ಣುಗುಡ್ಡೆ), ಇನ್ನೊಂದ್ರಲ್ಲಿ ಎಣ್ಣೆ ಹಾಕಿ ಆರಿಸಿದ ಅಕ್ಕಿ ಒತ್ತು ಶ್ಯಾವಿಗೆ (ಕರುಳು), ಮೂರನೇದ್ರಲ್ಲಿ ನೆನೆಸಿದ ಸಬ್ಬಕ್ಕಿ (ಕಪ್ಪೆ ಮೊಟ್ಟೆ). ಸಬ್ಬಕ್ಕಿ ನಮ್ಮತ್ತೆ ಐಡಿಯಾ, ಅಮೆರಿಕನ್ ಮಕ್ಕಳು ಕಿರಿಚಿದ ಕಿರಿಚಾಟಕ್ಕೆ ಅವರಿಗೆ ಭಾಳ ಖುಷಿ ಆಯ್ತು. ಖರ್ಚು ಹತ್ತು ಡಾಲರ್ ಒಳಗೆ.

ಚರ್ಚ್ ಅಥವಾ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಲಾಟ್ ಇದ್ರೆ ಟ್ರಂಕ್ ಆರ್ ಟ್ರೀಟ್ ಸುಲಭ, ಕಾರಿನ ಡಿಕ್ಕಿ ತೆಗೆದು ಅಲಂಕಾರ ಮಾಡಿ ಮಕ್ಕಳು ಕಾರಿಂದ ಕಾರಿಗೆ ಹೋಗಿ ಕ್ಯಾಂಡಿ ಈಸ್ಕೊಳ್ಳೋದು. ಇಲ್ಲಿ ಒಂದೇ ರೂಲು, ಕಾರುಗಳೆಲ್ಲ ಶುರುವಾಗೋ ಅರ್ಧ ಗಂಟೆ ಮುಂಚೆ ಒಳಗಿರಬೇಕು, ಮುಗಿದು ಮಕ್ಕಳೆಲ್ಲ ಹೋಗೋವರೆಗೂ ಒಂದು ಕಾರೂ ಕದಲಬಾರದು. ಬೇಗ ಹೋಗಬೇಕು ಅನ್ನೋರಿಗೆ ಗೇಟ್ ಹತ್ರದ ಜಾಗಾನೂ ಕೊಡಬೇಡಿ, ಹೊರಗೆ ನಿಲ್ಲಿಸಿ ಟೇಬಲ್ ಹಾಕ್ಕೊಳ್ಳಿ ಅನ್ನಿ. 200 ಮಕ್ಕಳು ಬಂದ್ರೆ ಪ್ರತಿ ಕಾರಿಗೂ 200 ಕ್ಯಾಂಡಿ ಬೇಕು, 20 ಕಾರಿಗೆ 4000, ಅದನ್ನ ಕಾರಿನವರ ತಲೆ ಮೇಲೇ ಹಾಕಿದ್ರೆ ಮುಂದಿನ ವರ್ಷ ಯಾರೂ ಬರಲ್ಲ, ಮೂರು ವಾರ ಮುಂಚೆ ಬಾಗಿಲ ಹತ್ರ ಒಂದು ಡಬ್ಬ ಇಟ್ಟು ಎಲ್ರ ಹತ್ರ ಕ್ಯಾಂಡಿ ಪ್ಯಾಕೆಟ್ ಕೇಳಿ. ಡಿಕ್ಕಿ ಲೈಟು ಎರಡು ಗಂಟೆ ಉರಿದು ಬ್ಯಾಟರಿ ಹೋದ ಕಾರು ಒಂದಾದ್ರೂ ಇರತ್ತೆ, ಜಂಪರ್ ಕೇಬಲ್ ತಂದಿಡಿ.

ಅಲರ್ಜಿ ಇಲ್ಲಿ ತಮಾಷೆ ಅಲ್ಲ. ಕಡಲೆಕಾಯಿ, ಹಾಲು, ಮೊಟ್ಟೆ ಸೇರಿ ಇಲ್ಲಿ ಲೇಬಲ್ಲಲ್ಲಿ ಬರೀಲೇಬೇಕಾದ ಪದಾರ್ಥ ಒಂಬತ್ತು, 2023ರಿಂದ ಎಳ್ಳೂ ಸೇರಿದೆ, ಮನೇಲಿ ಚಿಕ್ಕಿ ಎಳ್ಳುಂಡೆ ಮಾಡಿ ತರ್ತೀನಿ ಅನ್ನೋ ನಮ್ಮವರಿಗೆ ಇದನ್ನ ಹೇಳಿ. ಒಂದು ಟೇಬಲ್ ಮೇಲೆ ನೀಲಿ-ಹಸಿರು ಬೆರೆತ (ಟೀಲ್) ಬಣ್ಣದ ಕುಂಬಳಕಾಯಿ ಇಟ್ರೆ "ಇಲ್ಲಿ ತಿನ್ನದ ಬಹುಮಾನ ಇದೆ" ಅಂತ ಅರ್ಥ, ಸ್ಟಿಕರು, ಪೆನ್ಸಿಲ್ಲು, ಹೊಳೆಯೋ ಬಳೆ ಅಲ್ಲಿಡಿ. ಕೇಕ್‌ವಾಕಿನ ಪ್ರತಿ ಕೇಕಿಗೂ ಏನೇನು ಹಾಕಿದೆ ಅಂತ ಚೀಟಿ.

ದುಡ್ಡಿನ ವಿಷಯ. ಹತ್ತು ಡಾಲರ್ ಕೊಟ್ರೆ ಎಷ್ಟು ಬೇಕಾದ್ರೂ ಆಡಿ ಅಂತ ಕೈಗೆ ಪಟ್ಟಿ ಕಟ್ಟಿದ್ರೆ ಒಂದೇ ಮಗು ಅದೇ ಕ್ಯೂಗೆ ಹತ್ತು ಸಲ ಬರತ್ತೆ, ನಾನು ಟಿಕೆಟ್ ಪಕ್ಷ. ಒಂದು ಆಟಕ್ಕೆ ಒಂದು ಟಿಕೆಟ್, 50 ಸೆಂಟ್ಸ್. ಪ್ರತಿ ಆಟಕ್ಕೂ ಬಹುಮಾನ ಕೊಟ್ರೆ 1200 ಆಟಕ್ಕೆ 1200 ಪ್ಲಾಸ್ಟಿಕ್ ಚಿಲ್ಲರೆ, ಅದರ ಬದಲು ಒಂದು ಕಾರ್ಡಿಗೆ ಪಂಚ್ ಹಾಕ್ತಾ ಹೋಗಿ, ಆರು ಪಂಚ್ ಆದ್ಮೇಲೆ ಬಾಗಿಲ ಹತ್ರ ಒಂದೇ ಒಳ್ಳೇ ಪೊಟ್ಟಣ. ದುಡ್ಡು ಕೊಡೋಕೆ ಕಷ್ಟ ಇರೋ ಮಕ್ಕಳು ಯಾರು ಅಂತ ಸ್ಕೂಲ್ ಕೌನ್ಸೆಲರ್‌ಗೆ ಗೊತ್ತಿರತ್ತೆ, ಅವರ ಕೈಗೆ ಮುಂಚೇನೇ ಒಂದು ಕವರ್ ತುಂಬ ಟಿಕೆಟ್ ಕೊಟ್ಬಿಡಿ, ಹೆಸರು ನಿಮಗೆ ಗೊತ್ತಾಗೋದೂ ಬೇಡ. ರಾಫಲ್ (ಟಿಕೆಟ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡೋದು) ಇಡೋ ಆಸೆ ಇದ್ರೆ ನಿಮ್ಮ ರಾಜ್ಯದ ರೂಲ್ಸ್ ನೋಡಿ, ನ್ಯೂಜೆರ್ಸಿಲಿ ಅದಕ್ಕೆ ಲೈಸೆನ್ಸ್ ಬೇಕು. ಕ್ಯಾಶ್ ಡಬ್ಬೀಲಿ ಒಂದು ಡಾಲರ್, ಐದು ಡಾಲರ್ ನೋಟುಗಳು ಸಾಕಷ್ಟು ಇರಲಿ, ರಾತ್ರಿ ದುಡ್ಡು ಎಣಿಸೋದು ಯಾವಾಗ್ಲೂ ಇಬ್ರು, ಇಬ್ರೂ ಸಹಿ ಹಾಕಬೇಕು, ಎಷ್ಟೇ ಸ್ನೇಹಿತರಾಗಿರ್ಲಿ. ಸ್ಕೂಲ್ ಜಾಗಕ್ಕೆ ಫಾರ್ಮು, ಇನ್ಶೂರೆನ್ಸ್ ಸರ್ಟಿಫಿಕೇಟು ಕೇಳ್ತಾರೆ, ಸೆಪ್ಟೆಂಬರಲ್ಲೇ ಕೊಟ್ಬಿಡಿ.

ಜನ ಎಷ್ಟು ಬೇಕು? 10 ಸ್ಟಾಲಿಗೆ ಇಬ್ಬಿಬ್ರು, ಒಂದೊಂದು ಗಂಟೆಯ ಎರಡು ಶಿಫ್ಟು, ಅಂದ್ರೆ 40. ಪೂರ್ತಿ ಸಂಜೆ ನಿಂತ್ಕೊಳ್ಳಿ ಅಂದ್ರೆ ಯಾರೂ ಬರಲ್ಲ, ಒಂದೇ ಗಂಟೆ ಅಂದ್ರೆ ಬರ್ತಾರೆ, ಇನ್ನೊಂದು ಗಂಟೆ ಅವರ ಮಕ್ಕಳ ಜೊತೆ ಸುತ್ತಬಹುದಲ್ಲ. ಹೈಸ್ಕೂಲ್ ಮಕ್ಕಳಿಗೆ ಸರ್ವಿಸ್ ಅವರ್ಸ್ (ಸಮಾಜಸೇವೆ ಮಾಡಿದ ಗಂಟೆಗಳ ಲೆಕ್ಕ) ಬೇಕಿರತ್ತೆ, ಅವರನ್ನ ಕರೀರಿ, ದೊಡ್ಡವರಿಗಿಂತ ಚೆನ್ನಾಗಿ ಆಟ ಆಡಿಸ್ತಾರೆ. ಸೈನ್‌ಅಪ್ ಶೀಟಲ್ಲಿ ಕ್ಲೀನಪ್ ಶಿಫ್ಟನ್ನ ಎಲ್ಲಕ್ಕಿಂತ ಮೇಲೆ ಹಾಕಿ, ಕೆಳಗೆ ಹಾಕಿದ್ರೆ ಕೊನೇಲಿ ಪೊರಕೆ ಹಿಡಿಯೋದು ನೀವು ಮತ್ತೆ ನಿಮ್ಮ ಯಜಮಾನ್ರು ಇಬ್ರೇ.

ಮುಗಿದ ರಾತ್ರಿನೇ ಎಷ್ಟು ಟಿಕೆಟ್ ಹೋಯ್ತು, ಎಷ್ಟು ಪಿಜ್ಜಾ ಉಳೀತು, ಯಾವ ಕ್ಯೂ ಉದ್ದ ಆಯ್ತು ಅಂತ ಒಂದು ಹಾಳೇಲಿ ಬರೆದು ಫೋಟೋ ತೆಗೆದಿಡಿ, ನವೆಂಬರ್ ಮೀಟಿಂಗ್ ಹೊತ್ತಿಗೆ ಯಾರಿಗೂ ನೆನಪಿರಲ್ಲ. ಉಳಿದ ಕುಂಬಳಕಾಯಿನ ಹತ್ತಿರದ ಫಾರ್ಮಿನವರು ದನ ಹಂದಿಗೆ ಅಂತ ತಗೋತಾರಾ ಕೇಳಿ ನೋಡಿ, ಬಣ್ಣ ಬಳಿದಿರೋದು ಕೊಡಬೇಡಿ. ವೇಸ್ಟ್ ಯಾಕೆ ಮಾಡೋದು ಹುಳಿ ಮಾಡೋಣ ಅಂತ ನಾನು ಒಂದು ಸಲ ನಾಲ್ಕು ಮನೆಗೆ ತಂದೆ, ಈ ಕೆತ್ತೋ ಕುಂಬಳಕಾಯೀಲಿ ಬರೀ ನೀರು ನಾರು, ಸಿಹಿನೂ ಇಲ್ಲ, ಎರಡು ದಿನ ಎಲ್ರೂ ಮುಖ ಗಂಟು ಹಾಕ್ಕೊಂಡು ತಿಂದ್ರು.