ಕಲಬುರಗಿ ಬಿಸಿಲಿಗೆ ಹೊಂದುವ ಮೆಹಂದಿ ಹದ

ಗೆರೆ ಎಳೆಯುವಾಗ ಕೋನ್ ತುದಿ ಕಟ್ಟಿಕೊಂಡರೆ ಮೊದಲು ಪುಡಿಯನ್ನೇ ಅನುಮಾನಿಸಬೇಕು. ಎಲೆಯ ನಾರೋ ಮಣ್ಣಿನ ಕಣವೋ ಒಂದೇ ಒಂದು ಉಳಿದರೂ ಸಾಕು, ಸಣ್ಣ ಗೆರೆ ಅಲ್ಲಿಗೇ ನಿಲ್ಲುತ್ತದೆ. ಕಿರಾಣಿ ಅಂಗಡಿಯಲ್ಲಿ ಕೂದಲಿಗೆಂದು ಕೊಡುವ ಪುಡಿ ಈ ಕೆಲಸಕ್ಕೆ ಒರಟು. ನಾನು ಬಳಸುವುದು ರಾಜಸ್ಥಾನದ ಸೋಜತ್ ಪುಡಿ, ಅದೂ ಹೊಸ ಬೆಳೆಯದು. ಕಣ್ಣು ಕುಕ್ಕುವ ಹಸಿರಿದ್ದರೆ ಕೊಳ್ಳುವುದಿಲ್ಲ. ಬಣ್ಣ ಬೆರೆಸಿರುವ ಸಂಭವವೇ ಹೆಚ್ಚು.

'ಮೂರು ಸಲ ಜರಡಿ ಹಿಡಿದದ್ದು' ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಮನೆಯಲ್ಲಿ ಇನ್ನೊಮ್ಮೆ ಹಿಡಿಯುತ್ತೇನೆ. ಮೈದಾ ಜರಡಿ ಸಾಲದು. ಅಗಲ ಬಾಯಿಯ ಡಬ್ಬಿಗೆ ತೆಳು ನೈಲಾನ್ ದುಪಟ್ಟಾ ಬಿಗಿಯಾಗಿ ಕಟ್ಟಿ, ಎರಡೆರಡೇ ಚಮಚ ಪುಡಿ ಹಾಕಿ ಬೆರಳಿನಿಂದ ಮೆಲ್ಲಗೆ ಆಡಿಸಿದರೆ ನಾರು, ಮರಳು ಬಟ್ಟೆಯ ಮೇಲೇ ನಿಲ್ಲುತ್ತವೆ. ಫ್ಯಾನ್ ಆರಿಸಿರಬೇಕು, ಇಲ್ಲವಾದರೆ ಅರ್ಧ ಪುಡಿ ಮನೆತುಂಬ.

100 ಗ್ರಾಂ ಪುಡಿಗೆ ನನ್ನ ಅಳತೆ: ಸಕ್ಕರೆ 25 ಗ್ರಾಂ, ನೀಲಗಿರಿ ಎಣ್ಣೆ 30 ಮಿ.ಲೀ., ನಿಂಬೆರಸ ಮತ್ತು ನೀರು ಸಮಸಮ ಸೇರಿ 250ರಿಂದ 280 ಮಿ.ಲೀ. ನಿಂಬೆರಸವನ್ನು ಬಟ್ಟೆಯಲ್ಲಿ ಸೋಸಿಯೇ ಹಾಕಬೇಕು, ಅದರ ತಿರುಳೂ ತುದಿ ಕಟ್ಟಿಸುತ್ತದೆ. ನೀಲಗಿರಿ ಎಣ್ಣೆ ಶುದ್ಧವಾಗಿರಲಿ. ಬೇರೆ ಎಣ್ಣೆ ಬೆರೆಸಿದ್ದಾದರೆ ಕೈಯಲ್ಲಿ ಜಿಡ್ಡು ಉಳಿಯುತ್ತದೆ, ಬಣ್ಣ ಏರುವುದಿಲ್ಲ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಕಲಸುವಾಗ ಎಣ್ಣೆ ಹಾಕುವುದೇ ಇಲ್ಲ. ಲವಂಗದ ಎಣ್ಣೆ ಯಾರಿಗೂ ಹಾಕುವುದಿಲ್ಲ, ಚರ್ಮ ಉರಿಯುತ್ತದೆ.

ದ್ರವವನ್ನೆಲ್ಲ ಒಮ್ಮೆಗೇ ಸುರಿದರೆ ಗಂಟು ಕಟ್ಟಿತೆಂದೇ ಲೆಕ್ಕ. ಗಾಜಿನ ಇಲ್ಲವೆ ಸ್ಟೀಲ್ ಬೋಗುಣಿಯಲ್ಲಿ ಪುಡಿ ಮತ್ತು ಸಕ್ಕರೆ ಬೆರೆಸಿ, ಮೊದಲು ಮುಕ್ಕಾಲು ಪಾಲು ದ್ರವವನ್ನಷ್ಟೇ ಸ್ವಲ್ಪಸ್ವಲ್ಪವಾಗಿ ಹಾಕಿ ಚಮಚದ ಬೆನ್ನಿನಿಂದ ಒತ್ತಿ ಒತ್ತಿ ತಿಕ್ಕುತ್ತೇನೆ. ಗಟ್ಟಿ ಮುದ್ದೆಯಲ್ಲಿ ಗಂಟು ಬೇಗ ಒಡೆಯುತ್ತದೆ; ತೆಳುವಾದ ಮೇಲೆ ಚಮಚಕ್ಕೆ ಸಿಗದೆ ಜಾರುತ್ತದೆ. ಆಮೇಲೆ ಎಣ್ಣೆ. ಪ್ಲಾಸ್ಟಿಕ್ ಹಾಳೆಯನ್ನು ಮೆಹಂದಿಗೇ ತಾಗುವಂತೆ ಹೊದಿಸಿ ಮುಚ್ಚಿಡಬೇಕು.

ಎಷ್ಟು ಹೊತ್ತು ಇಡಬೇಕೆಂಬುದು ನಮ್ಮ ಕಡೆ ಋತುವಿನ ಮೇಲೆ ನಿಂತ ಮಾತು. 'ರಾತ್ರಿಯಿಡೀ ನೆನೆಸಿ' ಎಂಬ ಸಲಹೆ ಕಲಬುರಗಿ, ಯಾದಗಿರಿಯ ಮೇ ತಿಂಗಳಿಗೆ ಹೊಂದುವುದಿಲ್ಲ. ಹೊರಗೆ 42 ಡಿಗ್ರಿ ಇದ್ದಾಗ ಒಳಗೆ ಶಹಾಬಾದ್ ಕಲ್ಲಿನ ಫರ್ಸಿ ನೆಲದ ಮೇಲಿಟ್ಟರೂ ನಾಲ್ಕೈದು ತಾಸಿಗೆ ಬಣ್ಣ ಬಿಟ್ಟಿರುತ್ತದೆ. ಬೇಗ ಆಗಲೆಂದು ಮಾಳಿಗೆಯ ಬಿಸಿಲಿಗಿಟ್ಟರೆ ಬಣ್ಣ ಅಷ್ಟೇ ಬೇಗ ಸಾಯುತ್ತದೆ. ಡಿಸೆಂಬರಿನಲ್ಲಿ ಹನ್ನೆರಡು ತಾಸಾದರೂ ಬೇಕು. ಎತ್ತರದಲ್ಲಿರುವ ಬೀದರಿನ ಚಳಿಗೆ ಇನ್ನೂ ಹೆಚ್ಚು. ಗಡಿಯಾರಕ್ಕಿಂತ ಮೆಹಂದಿಯನ್ನೇ ಕೇಳುವುದು ಒಳ್ಳೆಯದು: ಮೇಲ್ಪದರ ಕಂದಾಗಿ, ಕೆದಕಿದರೆ ಒಳಗೆ ಹಸಿರು ಕಾಣಬೇಕು. ಅಂಗೈಗೆ ಒಂದು ಚುಕ್ಕೆ ಇಟ್ಟು ಐದು ನಿಮಿಷಕ್ಕೆ ಒರೆಸಿದಾಗ ಕಿತ್ತಳೆ ಕಲೆ ಉಳಿದರೆ ತಯಾರು.

ಈಗ ಉಳಿದ ದ್ರವವನ್ನು ಚಮಚ ಚಮಚವಾಗಿ ಸೇರಿಸಿ ಹದ ನೋಡುತ್ತೇನೆ. ಚಮಚ ಎತ್ತಿದರೆ ರಿಬ್ಬನ್ನಿನಂತೆ ಇಳಿದು, ಬೋಗುಣಿಯಲ್ಲಿ ಒಂದು ಕ್ಷಣ ಮಡಿಕೆಯಾಗಿ ನಿಂತು ಕರಗಬೇಕು. ತುಂಡಾಗಿ ಬಿದ್ದರೆ ಗಟ್ಟಿ, ಬಿದ್ದೊಡನೆ ಕರಗಿದರೆ ತೆಳು. ಎಳೆ ಬರುವುದು ಸಕ್ಕರೆಯಿಂದ. ಒಣಹವೆಯಲ್ಲಿ ಮೆಹಂದಿ ಬೇಗ ಸಿಡಿದು ಉದುರದಂತೆ ತಡೆಯುವುದೂ ಅದೇ. ನಾಗರ ಪಂಚಮಿಯ ಹೊತ್ತಿಗೆ ಮಾತ್ರ ಸಕ್ಕರೆ 15 ಗ್ರಾಂಗೆ ಇಳಿಸಬೇಕು. ಶ್ರಾವಣದ ತೇವಕ್ಕೆ ಹೆಚ್ಚು ಸಕ್ಕರೆ ಸೇರಿದರೆ ಗೆರೆ ಆರುವುದೇ ಇಲ್ಲ, ಅಕ್ಕಪಕ್ಕಕ್ಕೆ ಹರಡಿ ಹೂವಿನೆಸಳೆಲ್ಲ ಕೂಡಿಕೊಳ್ಳುತ್ತವೆ.

ಕೊನೆಯ ಸೋಸುವಿಕೆಗೆ ತೆಳು ನೈಲಾನ್ ಮೋಜಾ (ಕಾಲುಚೀಲ). ಲೋಟದೊಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಮೆಹಂದಿ ತುಂಬಿದ ಮೋಜಾ ಇಟ್ಟು, ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೋಜಾವನ್ನು ನಿಧಾನಕ್ಕೆ ಮೇಲೆ ಎಳೆದರೆ ನಯವಾದದ್ದು ಚೀಲದಲ್ಲಿ ಉಳಿಯುತ್ತದೆ. ಚೀಲದ ಮೂಲೆ ಕತ್ತರಿಸಿ ನೇರ ಕೋನ್‌ಗಳಿಗೆ ತುಂಬಬಹುದು. ಮುಕ್ಕಾಲು ಭಾಗ ತುಂಬಿದರೆ ಸಾಕು. 25 ಗ್ರಾಂನ ಹದಿನಾಲ್ಕು ಹದಿನೈದು ಕೋನ್ ಆಗುತ್ತವೆ.

ಬೇಸಿಗೆಯಲ್ಲಿ ಹೊರಗಿಟ್ಟ ಕೋನ್ ಮರುದಿನಕ್ಕೇ ಸಪ್ಪೆ. ಅಂದು ಬೇಡದ್ದನ್ನು ಕೂಡಲೇ ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಆದರೆ ಗಡ್ಡೆಕಟ್ಟಿ ಕರಗಿದ ಮೇಲೆ ಹದ ತುಸು ನೀರಾಗುವುದರಿಂದ, ಕೂಡಿಡುವುದನ್ನು ಸ್ವಲ್ಪ ಗಟ್ಟಿಯಾಗಿಯೇ ಕಲಸಬೇಕು. ಇಂಥ ಕೋನ್ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಮಾಲಲ್ಲ. ಅರ್ಧ ತಾಸಿಗೇ ಕಪ್ಪಾಗುವ ಕೋನ್‌ಗಳಲ್ಲಿ ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರಬಹುದು, ಅದರಿಂದ ಚರ್ಮ ಬೊಬ್ಬೆಯೇಳಬಹುದು.

ಹಚ್ಚಿದ ಮೇಲೆ ಆರೇಳು ತಾಸು ಬಿಟ್ಟು, ನೀರು ಮುಟ್ಟಿಸದೆ ಉಜ್ಜಿ ತೆಗೆಯಬೇಕು. ಆಗ ಕಾಣುವುದು ಬರೀ ಕಿತ್ತಳೆ. ಬಣ್ಣ ಪೂರ್ತಿ ಏರಲು ಎರಡು ದಿನ ಬೇಕಾದ್ದರಿಂದ, ಸೋಮವಾರ ಮದುವೆಯಿದ್ದರೆ ಮದುಮಗಳನ್ನು ಶನಿವಾರವೇ ಕೂರಿಸಿಕೊಳ್ಳುತ್ತೇನೆ.