ಹರಳೆಣ್ಣೆ ದೀಪದಲ್ಲಿ ಹದಿನೆಂಟನೆಯ ಶತಮಾನದ ರಾತ್ರಿ: ನನ್ನ ಅನುಭವ

ಹೈದರ್ ಅಲಿ ಚಿತ್ರದುರ್ಗವನ್ನು ವಶಪಡಿಸಿಕೊಂಡದ್ದು 1779ರಲ್ಲಿ. ಆ ಕಾಲದ ಕಥೆಯೊಂದರ ಧಾರಾವಾಹಿಗೆ ನಾನು ಛಾಯಾಗ್ರಾಹಕ. ಮನೆಯೊಳಗಿನ ರಾತ್ರಿಯ ದೃಶ್ಯಗಳಿಗೆ ಒಂದೇ ಒಂದು ವಿದ್ಯುತ್ ದೀಪವನ್ನೂ ಹಚ್ಚುವುದಿಲ್ಲ, ಎಲ್ಲವನ್ನೂ ಎಣ್ಣೆ ದೀಪದಲ್ಲೇ ತೆಗೆಯುತ್ತೇನೆ ಎಂದಾಗ ನಿರ್ಮಾಪಕರು ಮೊದಲು ನಕ್ಕರು, ಆಮೇಲೆ ಗದರಿದರು. ಜೊತೆಯ ಛಾಯಾಗ್ರಾಹಕರು ಫೋನ್ ಮಾಡಿ ಬುದ್ಧಿ ಹೇಳಿದರು. ಈಗ ಆ ದೃಶ್ಯಗಳು ಪ್ರಸಾರವಾಗಿವೆ. ಅದೇ ಗೆಳೆಯರು ಯಾವ ಎಣ್ಣೆ, ಎಷ್ಟು ಬತ್ತಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಹಟ ಹುಟ್ಟಿದ್ದು ಒಂದು ಶಾಟ್ ನೋಡಿ. ಹಿಂದೆ ನಾನೇ ತೆಗೆದಿದ್ದ ಧಾರಾವಾಹಿಯಲ್ಲಿ ನಾಯಕಿ ಹಣತೆ ಹಿಡಿದು ಪಡಸಾಲೆಗೆ ಬರುತ್ತಾಳೆ. ಆ ಹಣತೆಯ ನೆರಳೇ ಅವಳ ಸೀರೆಯ ಮೇಲೆ ಬೀಳುತ್ತದೆ! ಮೇಲಿನಿಂದ ಹಾಕಿದ್ದ ಲೈಟು ದೀಪವನ್ನೇ ಮಂಕಾಗಿಸಿತ್ತು. ಅಂದಿನಿಂದ ಕಿಟಕಿಯಲ್ಲಿ ನೀಲಿ ಬೆಳದಿಂಗಳು, ಹಣತೆಯೊಳಗೆ ಅಡಗಿಸಿದ ಮಿಣುಕು ಬಲ್ಬು ಇವುಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬೆಂಕಿಯ ಬಗ್ಗೆ ಹಿರಿಯ ಲೈಟ್‌ಮ್ಯಾನ್ ಒಬ್ಬರು ಹೇಳಿದ ಮಾತನ್ನು ಮಾತ್ರ ನಾನು ತಳ್ಳಿಹಾಕಲಿಲ್ಲ. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿಕೊಂಡು 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಮ್ಮ ಕೆಲಸದಲ್ಲಿರುವ ಯಾರೂ ಅದನ್ನು ಮರೆಯುವಂತಿಲ್ಲ. ಹಾಗಾಗಿ ನಮ್ಮ ಸೆಟ್ಟಿನಲ್ಲಿ ಗೋಣಿತಾಟು, ತೆಂಗಿನ ಗರಿ, ಥರ್ಮೋಕೋಲ್ ಯಾವುದಕ್ಕೂ ಜಾಗವಿರಲಿಲ್ಲ. ಎರಡು ಬಾಗಿಲುಗಳು ಸದಾ ತೆರೆದಿರುತ್ತಿದ್ದವು. ಮರಳಿನ ಬಕೆಟ್‌ಗಳಿದ್ದವು. ದೀಪ ನೋಡಿಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ಇಬ್ಬರು ಹುಡುಗರಿದ್ದರು. ಈ ವಿಷಯದಲ್ಲಿ ಯಾರೂ ಒಂದು ರೂಪಾಯಿಯನ್ನೂ ಉಳಿಸಬಾರದು.

ಮೊದಲ ರಾತ್ರಿ ಪೂರ್ತಿ ಸೋತೆ. ಕ್ಯಾಮೆರಾದ ಬೆಳಕು ಹಿಡಿಯುವ ಸೂಕ್ಷ್ಮತೆ 3200 ಐಎಸ್‌ಒ, ಬೆಳಕು ಬರಲು ಲೆನ್ಸಿನ ಬಾಯಿ ಟಿ 1.5ರಷ್ಟು ಅಗಲ, ಇಪ್ಪತ್ನಾಲ್ಕು ಹಣತೆ. ಮುಖಗಳು ಬಂದವು, ಹಿಂದಿನ ಗೋಡೆ ಬಾವಿಯಂತೆ ಕಪ್ಪಾಯಿತು. ಕಲಾ ನಿರ್ದೇಶಕರು ಪ್ರೀತಿಯಿಂದ ಸಗಣಿ, ಕೆಮ್ಮಣ್ಣು ಬಳಿಸಿದ್ದ ಗೋಡೆ ಬೆಳಕನ್ನೆಲ್ಲ ನುಂಗಿಬಿಟ್ಟಿತ್ತು. ಗ್ರೇಡಿಂಗ್‌ನಲ್ಲಿ (ಆಮೇಲೆ ಬಣ್ಣ, ಬೆಳಕು ತಿದ್ದುವ ಹಂತ) ಎತ್ತಲು ಹೋದರೆ ನೆರಳಿನ ತುಂಬ ನಾಯ್ಸ್, ಮರಳಿನಂಥ ಚುಕ್ಕೆಗಳು. ವಾಹಿನಿಯವರು ತಿರಸ್ಕರಿಸಿದರು. ಆ ಒಂದು ರಾತ್ರಿಯ ನಷ್ಟ ಸುಮಾರು ಒಂದೂಮುಕ್ಕಾಲು ಲಕ್ಷ. ನನ್ನ ಸಂಭಾವನೆಯಲ್ಲಿ ನಲವತ್ತು ಸಾವಿರ ಹಿಡಿದುಕೊಂಡರು. ಅದು ಇನ್ನೂ ಬಂದಿಲ್ಲ.

ಎರಡನೆಯ ಸಲ ಅಗ್ಗವೆಂದು ಹೊಂಗೆ ಎಣ್ಣೆ ತರಿಸಿದೆ. ಎರಡು ಗಂಟೆಯೊಳಗೆ ದಳವಾಯಿಯ ಬಿಳಿ ಪೇಟದ ಮೇಲೆ ಮಸಿ ಕೂತು ಬೂದು ಬಣ್ಣಕ್ಕೆ ತಿರುಗಿತು. ಕಲಾವಿದರಿಗೆ ಕೆಮ್ಮು. ಬತ್ತಿಯಲ್ಲಿ ತೇವವಿದ್ದುದರಿಂದ ಚಟಪಟ ಸದ್ದು ಬೇರೆ. ಮಾತಿನ ನಡುವೆ ಆ ಸದ್ದು ಕೇಳಿದ ಧ್ವನಿಗ್ರಾಹಕರು ಹೆಡ್‌ಫೋನ್ ಕಳಚಿಟ್ಟು ಎದ್ದು ಹೋದರು. ಕರ್ಪೂರ ಬೆರೆಸಿದರೆ ಜ್ವಾಲೆ ಬೆಳ್ಳಗಾಗುತ್ತದೆಂದು ಯಾರೋ ಹೇಳಿದರು. ಹೊಗೆ ಇನ್ನೂ ಹೆಚ್ಚಿತು.

ದಾರಿ ತೋರಿಸಿದ್ದು ಕರಾವಳಿಯ ಯಕ್ಷಗಾನ. ದೊಂದಿ, ಅಂದರೆ ಪಂಜಿನ, ಬೆಳಕಿನ ಆಟವೊಂದನ್ನು ನೋಡಲೆಂದೇ ಉಡುಪಿಯ ಕಡೆಗೆ ಹೋದೆ. ಬೆಳಗಿನ ಜಾವದವರೆಗೆ ಆಟ ನೋಡುವುದನ್ನು ಬಿಟ್ಟು ದೊಂದಿಯನ್ನೇ ನೋಡಿದೆ. ದೊಂದಿಗಳು ವೇಷಧಾರಿಗೆ ತೀರಾ ಹತ್ತಿರ, ಮುಖದ ಎತ್ತರದಲ್ಲೇ ಉರಿಯುತ್ತಿದ್ದವು. ಎದೆಯ ಮೇಲಿನ ಹೊನ್ನಬಣ್ಣದ ಕಟ್ಟು, ಭುಜಕೀರ್ತಿ ಬೆಳಕನ್ನು ಹಿಡಿದು ಗಲ್ಲಕ್ಕೆ ಎಸೆಯುತ್ತಿದ್ದವು. ವೇಷವೇ ರಿಫ್ಲೆಕ್ಟರ್! ಇಷ್ಟು ದಿನ ನಾನು ದೀಪದ ಸಂಖ್ಯೆಯನ್ನು ಹೆಚ್ಚಿಸುತ್ತ ಕೂತಿದ್ದೆ.

ಹಿಂತಿರುಗಿ ಬಂದವನೇ ಗೋಡೆಗೆ ಸುಣ್ಣ ಹೊಡೆಸಿದೆ, ಸೊಂಟದ ಮೇಲಿನ ಭಾಗಕ್ಕೆ ಮಾತ್ರ. ಕೆಳಗೆ ಕೆಮ್ಮಣ್ಣು ಹಾಗೇ ಇತ್ತು. ಹಿತ್ತಾಳೆ ಹರಿವಾಣಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿಸಿ, ನಾಲ್ಕನ್ನು ಕ್ಯಾಮೆರಾಕ್ಕೆ ಕಾಣುವ ಚೌಕಟ್ಟಿನೊಳಗೆ ಮನೆಯ ಸಾಮಾನಿನಂತೆ ಒರಗಿಸಿಟ್ಟೆ, ಆರನ್ನು ಹೊರಗೆ ದೀಪಗಳ ಹಿಂದೆ ನಿಲ್ಲಿಸಿದೆ. ಚೌಕಟ್ಟಿನ ಹೊರಗೆ ತಟ್ಟೆಯೊಂದಕ್ಕೆ ಮೂವತ್ತು ಬತ್ತಿಯಂತೆ ಎರಡು ತಟ್ಟೆ, ಮುಖದಿಂದ ಎರಡು ಎರಡೂವರೆ ಅಡಿ ದೂರದಲ್ಲಿ. ಎಣ್ಣೆ ಹರಳೆಣ್ಣೆಯೇ. ಮಂದವಾಗಿ, ನಿಧಾನವಾಗಿ, ಕಡಿಮೆ ಹೊಗೆಯಲ್ಲಿ ಉರಿಯುತ್ತದೆ. ಹಳೆಯ ಪಂಚೆ ಹರಿದು ಹೊಸೆದ ಬತ್ತಿಗೆ ಅಂಗಡಿಯ ಬತ್ತಿ ಸಮನಲ್ಲ. ಹೊಸೆಯುವ ಮುನ್ನ ಬಟ್ಟೆಯನ್ನು ಒಂದು ರಾತ್ರಿ ಯಾವುದರಲ್ಲಿ ನೆನೆಸಿ ಒಣಗಿಸುತ್ತೇನೆಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ಎಂಟು ತಿಂಗಳು ತೆತ್ತಿದ್ದೇನೆ. ಮೇಕಪ್ಪಿನಲ್ಲಿ ಪೌಡರ್ ಬಿಡಿಸಿ, ಹಣೆಗೂ ಕೆನ್ನೆಯ ಮೂಳೆಗೂ ತೆಳುವಾಗಿ ಎಳ್ಳೆಣ್ಣೆ ಸವರಿಸಿದೆ. ದೀಪ ಅಲುಗಿದಾಗ ಆ ಎಣ್ಣೆಯ ಹೊಳಪೂ ಅಲುಗುತ್ತದೆ, ಮುಖಕ್ಕೆ ಜೀವ ಬರುತ್ತದೆ.

ಈ ನಡುವೆ ಬಟ್ಟೆಯ ಹಿಂದೆ ಬಿದ್ದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಅರಮನೆ. ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅದರ ಪಶ್ಚಿಮದ ಗೋಡೆಯ ಮೇಲಿದೆ. ಪೇಟ, ಅಂಗಿ, ಬಣ್ಣ ಎಲ್ಲವನ್ನೂ ಅಲ್ಲಿ ನೋಡಿ ಬರೆದುಕೊಂಡು ಬಂದೆವು. ಆದರೆ ಹಗಲಿನಲ್ಲಿ ಕಂಡ ಬಣ್ಣ ದೀಪದಲ್ಲಿ ಅದೇ ಬಣ್ಣವಾಗಿ ಉಳಿಯುವುದಿಲ್ಲ. ಚಿಕ್ಕಪೇಟೆಯಿಂದ ಹನ್ನೆರಡು ಬಣ್ಣದ ಬಟ್ಟೆ, ಒಂದೊಂದು ಮೀಟರ್ ತಂದು ಹಣತೆಯ ಮುಂದೆ ತೂಗುಹಾಕಿದೆ. ನೀಲಿ ಕಪ್ಪಾಯಿತು, ಕಡು ಹಸಿರೂ ಕಪ್ಪಾಯಿತು. ಕೆಂಪು, ಅರಿಸಿನ, ಕೇಸರಿ ಅರಳಿದವು. ಬಿಳಿಯ ಬಟ್ಟೆ ಬೆಣ್ಣೆಯ ಬಣ್ಣಕ್ಕೆ ತಿರುಗಿತು. ನೀಲಿ ನಿಲುವಂಗಿ ಹೊಲಿಸಿದ್ದ ಹದಿನೈದು ಸಾವಿರ ಹೋಯಿತು.

ಹದಿನೆಂಟನೆಯ ಶತಮಾನದ್ದೇ ಕಥೆಯ ‘ಬ್ಯಾರಿ ಲಿಂಡನ್’ ಸಿನಿಮಾಗಾಗಿ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ನಾಸಾಕ್ಕೆಂದು ತಯಾರಾದ, ತುಂಬ ಅಗಲ ಬಾಯಿಯ ಎಫ್ 0.7 ಲೆನ್ಸ್ ಹುಡುಕಿ ತಂದು ಮೇಣದ ಬತ್ತಿಯಲ್ಲಿ ಚಿತ್ರೀಕರಿಸಿದ. ಆ ಚಿತ್ರ ಬಂದದ್ದು 1975ರಲ್ಲಿ. ಇವತ್ತು ನಮ್ಮ ಕ್ಯಾಮೆರಾಗಳಿಗೆ ಅಂಥ ಲೆನ್ಸ್ ಬೇಕಿಲ್ಲ. ಬಾಡಿಗೆಗೆ ಸಿಗುವ ಸಾಮಾನ್ಯ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಸಾಕು. ಫೋಕಸ್ ಎಳೆಯುವವರು ಗಟ್ಟಿಗರಾಗಿರಬೇಕು, ಅಷ್ಟೆ. ಕಲಾವಿದರು ಒಂದಿಂಚು ಮುಂದೆ ಬಾಗಿದರೂ ಕಣ್ಣು ಮಸುಕಾಗುತ್ತದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲು ಜನರೇಟರ್, ಲೈಟಿನ ವಾಹನ, ಜನ ಸೇರಿ ರಾತ್ರಿಗೆ ನಲವತ್ತೆರಡು ಸಾವಿರದಷ್ಟು ಆಗುತ್ತಿತ್ತು. ಈಗ ಹರಳೆಣ್ಣೆ ಒಂಬತ್ತು ಹತ್ತು ಲೀಟರ್, ಹಿತ್ತಾಳೆ ಸಾಮಾನಿನ ಬಾಡಿಗೆ, ದೀಪದ ಹುಡುಗರು, ಬೆಂಕಿಯ ಬಂದೋಬಸ್ತು ಎಲ್ಲ ಸೇರಿ ಹದಿನೈದು ಸಾವಿರ ದಾಟಿಲ್ಲ. ಆದರೆ ಕೆಲಸ ನಿಧಾನ. ಪ್ರತಿ ಟೇಕ್ ಆದಮೇಲೆ ಎಣ್ಣೆಯ ಮಟ್ಟ, ಬತ್ತಿಯ ಉದ್ದ ಮೊದಲಿನಂತಿದೆಯೇ ಎಂದು ಫೋಟೋ ಇಟ್ಟುಕೊಂಡು ನೋಡಬೇಕು. ರಾತ್ರಿಗೆ ಇಪ್ಪತ್ತು ಶಾಟ್ ಆಗುತ್ತಿದ್ದಲ್ಲಿ ಹದಿನಾಲ್ಕು ಆಗುತ್ತದೆ. ಫ್ಯಾನ್ ಹಾಕುವಂತಿಲ್ಲ. ಇದನ್ನು ನಿರ್ಮಾಪಕರಿಗೆ ಮೊದಲೇ ಹೇಳಿಬಿಡಿ.

ವಾಹಿನಿಯವರ ಮನಸ್ಸು ಬದಲಿಸಿದ್ದು ಒಂದು ಪುಟ್ಟ ದೃಶ್ಯ. ಚಿತ್ರಕಥೆಯಲ್ಲಿ ನಾಯಕಿ ಬೆಂಕಿಕಡ್ಡಿ ಗೀರಿ ದೀಪ ಹಚ್ಚುತ್ತಾಳೆಂದಿತ್ತು. ಬೆಂಕಿಕಡ್ಡಿ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ತೆಗೆಸಿಹಾಕಿದೆ. ಆಕೆ ದೇವರ ಮುಂದಿನ ದೀಪದಿಂದ ತನ್ನ ಹಣತೆ ಹೊತ್ತಿಸಿಕೊಂಡು, ಅಂಗೈ ಮರೆಮಾಡಿ ನಡೆಯುತ್ತಾಳೆ. ಬೆರಳುಗಳ ಅಂಚು ಕೆಂಪಾಗಿ ಬೆಳಗುತ್ತದೆ. ಅವಳು ನಡೆದಂತೆ ಕಂಬಗಳ ನೆರಳು ಗೋಡೆಯ ಮೇಲೆ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಮಾನಿಟರ್ ಮುಂದೆ ಕೂತಿದ್ದ ನಿರ್ಮಾಪಕರು ಕಟ್ ಹೇಳುವವರೆಗೂ ಮಾತಾಡಲಿಲ್ಲ, ಆಮೇಲೆ ಇನ್ನೊಂದು ಸಲ ತೋರಿಸಿ ಎಂದರು.

ಮುಂದೆ ಬಯಲಿನಲ್ಲಿ ಸೈನ್ಯದ ಪಾಳೆಯದ ದೃಶ್ಯವಿದೆ. ಗಾಳಿಗೆ ಹಣತೆ ನಿಲ್ಲದು, ದೀವಟಿಗೆಯೇ ಆಗಬೇಕು. ಹತ್ತು ಕೋಲುಗಳಿಗೆ ಬೇರೆ ಬೇರೆ ದಪ್ಪದಲ್ಲಿ ಬಟ್ಟೆ ಸುತ್ತಿಟ್ಟಿದ್ದೇನೆ. ನಾಳೆ ರಾತ್ರಿ ಊರ ಹೊರಗಿನ ಕೆರೆಯಂಗಳದಲ್ಲಿ ಹಚ್ಚಿ ನೋಡಬೇಕು.